ಗೊತ್ತಿಲ್ಲ ಎನ್ನಬಲ್ಲ ಗಡಿಯಾರ

ಲೋಡ್‌ಶೆಡ್ಡಿಂಗ್ ಎಂದರೆ ಮುಂಬಯಿ ಬಳಿಯ ಕಲ್ಯಾಣ್-ಡೊಂಬಿವಲಿಯ ಹಳಬರು ಈಗಲೂ ಬೆವರುತ್ತಾರೆ. 2000ದ ದಶಕದ ನಡುವಿನ ಆ ವರ್ಷಗಳಲ್ಲಿ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಬಂದ ಮೇಲೆ ಅಂಗಡಿಯವರೋ ಹೋಟೆಲಿನವರೋ ಗಲ್ಲಾದ ಪಕ್ಕದ ಕಂಪ್ಯೂಟರ್ ಹಾಕಿದರೆ, ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ 'ಸಿಮಾಸ್ ಚೆಕ್‌ಸಮ್ ಎರರ್' ಎಂದು ಬಂದು, ಎಫ್1 ಒತ್ತಿ ಎನ್ನುತ್ತಿತ್ತು. ಒತ್ತಿ ಒಳಗೆ ಹೋದರೆ ಬಿಲ್ಲಿನ ತಾರೀಕು ಯಾವುದೋ ಹಳೆಯ ಕಾಲದ ಜನವರಿ 1. ರಿಪೇರಿಯವನಿಗೆ ಫೋನ್ ಮಾಡಿದರೆ ಅವನು ಬಂದು ನೋಡುವ ಮೊದಲೇ ಹೇಳುತ್ತಿದ್ದ: 'ಸೆಲ್ ಹೋಗಿದೆ.'

ಸುಮಾರು ಎಂಟಾಣೆ ನಾಣ್ಯದಷ್ಟು ಅಗಲದ ಆ ಸೆಲ್ಲಿನ ಹೆಸರು ಸಿಆರ್2032. ಕಂಪ್ಯೂಟರ್ ಆರಿದ್ದಾಗಲೂ ಒಂದು ಚಿಕ್ಕ ಚಿಪ್ ಓಡುತ್ತಲೇ ಇರಬೇಕು, ಸೆಲ್ ಇರುವುದು ಅದಕ್ಕಾಗಿ. ಇಂಗ್ಲಿಷಿನವರು ಅದನ್ನು ರಿಯಲ್ ಟೈಮ್ ಕ್ಲಾಕ್ ಎನ್ನುತ್ತಾರೆ, ಕೆಲಸ ಮಾಡುವವರ ಬಾಯಲ್ಲಿ ಆರ್‌ಟಿಸಿ. ಮೊದಮೊದಲ ಪಿ.ಸಿ.ಗಳಲ್ಲಿ ಇದು ಇರಲೇ ಇಲ್ಲ. 1981ರ ಐಬಿಎಂ ಪಿ.ಸಿ. ಪ್ರತಿ ಸಲ ಶುರುವಾದಾಗಲೂ ತಾರೀಕು ಎಷ್ಟು, ಗಂಟೆ ಎಷ್ಟು ಎಂದು ಕೂತವರನ್ನೇ ಕೇಳುತ್ತಿತ್ತು. ಹೇಳದಿದ್ದರೆ 1980ರ ಜನವರಿ 1 ಎಂದುಕೊಳ್ಳುತ್ತಿತ್ತು. 1984ರಲ್ಲಿ ಬಂದ ಪಿ.ಸಿ. ಎಟಿಯಲ್ಲಿ ಮೊಟೊರೋಲಾದ ಎಂಸಿ146818 ಎಂಬ ಗಡಿಯಾರ ಚಿಪ್ ಸೆಲ್ ಸಮೇತ ಕೂತಿತು. ಇವತ್ತಿನ ಲ್ಯಾಪ್‌ಟಾಪ್ ಕೂಡ ಒಳಗೊಳಗೆ ಆ ಚಿಪ್ಪಿನ ನಡವಳಿಕೆಯನ್ನೇ ನಟಿಸುತ್ತದೆ.

ಚಿಪ್ ಇದ್ದರೆ ಆಯಿತೇ? ಇಲ್ಲ. ಅದರೊಡನೆ ಮಾತಾಡಲು ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್‌ಗೆ ಬರಬೇಕು. ಕರ್ನಲ್ ಎಂದರೆ ಯಂತ್ರಾಂಶಕ್ಕೂ ಉಳಿದೆಲ್ಲ ತಂತ್ರಾಂಶಕ್ಕೂ ನಡುವೆ ನಿಲ್ಲುವ ತಿರುಳು. ಒಂದೊಂದು ಚಿಪ್ಪಿನ ಭಾಷೆ ಬಲ್ಲ ಅದರ ತುಣುಕಿಗೆ ಡ್ರೈವರ್ ಎಂದು ಹೆಸರು. ಹೊಸ ಗಡಿಯಾರ ಚಿಪ್ಪಿಗೆ ಡ್ರೈವರ್ ಬರೆಯುವುದನ್ನು ಕರ್ನಲ್ ಕೆಲಸದಲ್ಲೇ ಸಣ್ಣದು ಎಂದು ಎಣಿಸುತ್ತಾರೆ. ಸಣ್ಣದು ನಿಜ, ಕೆಲವೇ ನೂರು ಸಾಲು. ಆದರೆ ಕರ್ನಲ್ ಜಗತ್ತನ್ನು ಎಷ್ಟು ನಂಬಬೇಕು, ಯಾವಾಗ ನಂಬಬಾರದು ಎಂಬ ಪಾಠ ಇಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗದು ಎಂದು ನನ್ನ ಅನಿಸಿಕೆ. ನವಿ ಮುಂಬಯಿಯ ಖಾರ್ಘರ್ ಸ್ಟೇಷನ್ನಿನ ಎದುರಿಗಿರುವ ಸಿ-ಡ್ಯಾಕ್ ಕೇಂದ್ರದಂಥ ಕಡೆ ಡಿಪ್ಲೊಮಾ ಮಾಡುವ ಹುಡುಗ ಹುಡುಗಿಯರು ಮೊದಲ ಡ್ರೈವರ್ ಯಾವುದು ಬರೆಯಲಿ ಎಂದು ಕೇಳಿದರೆ ನಾನು ಗಡಿಯಾರವನ್ನೇ ತೋರಿಸುವೆ.

ಮೊದಲು ಚಿಪ್ಪಿನ ಹೊಟ್ಟೆಯೊಳಗೆ ನೋಡೋಣ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಡಿಎಸ್1307 ಎಂಬುದನ್ನೇ ತೆಗೆದುಕೊಳ್ಳಿ. ಪಕ್ಕದಲ್ಲಿ ಒಂದು ಸ್ಫಟಿಕ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆ ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ಹದಿನೈದನೆಯ ಘಾತದಲ್ಲಿ ಸಿಗುವುದು. ಹಾಗಾಗಿ ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ. ಸೆಲ್ಲಿನ ಮೇಲೆ ಓಡುವಾಗ ಚಿಪ್ ಎಳೆಯುವ ವಿದ್ಯುತ್ 500 ನ್ಯಾನೊ ಆಂಪಿಯರ್‌ಗಿಂತ ಕಡಿಮೆ. 220 ಮಿಲಿ ಆಂಪಿಯರ್ ಗಂಟೆಯ ಸೆಲ್ಲಿಗೆ ಕಾಗದದ ಲೆಕ್ಕ ಹಾಕಿದರೆ 50 ವರ್ಷ ಆಗುತ್ತದೆ. ಸೆಲ್ ತಾನೇ ಅಷ್ಟು ಕಾಲ ಬದುಕುವುದಿಲ್ಲ, ಅದು ಬೇರೆ ಮಾತು.

ಈ ಚಿಪ್ಪಿನಿಂದ ಬೋರ್ಡಿಗೆ ಎರಡೇ ತಂತಿ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್-ಸಿ ಎಂಬ ಪದ್ಧತಿ: ಒಂದು ತಂತಿಯಲ್ಲಿ ತಾಳ, ಇನ್ನೊಂದರಲ್ಲಿ ಮಾತು. ಕೇಳಿದರೆ ಚಿಪ್ ಏಳು ಖಾನೆಗಳನ್ನು ಒಪ್ಪಿಸುತ್ತದೆ. ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಕು, ತಿಂಗಳು, ವರ್ಷ. ಎಲ್ಲ ಇದೆಯಲ್ಲ, ಇನ್ನೇನು ಕೆಲಸ ಎನ್ನಬೇಡಿ. ತಪ್ಪುಗಳೆಲ್ಲ ಇರುವುದು ಇಲ್ಲೇ.

ಅಂಕಿಗಳನ್ನು ಚಿಪ್ ಬರೆದಿಡುವುದು ಕಂಪ್ಯೂಟರಿನ ಪದ್ಧತಿಯಲ್ಲಿ ಅಲ್ಲ, ಒಂದೊಂದು ದಶಮಾಂಶ ಅಂಕಿಗೂ ಬೇರೆ ಬೇರೆ ನಾಲ್ಕು ಬಿಟ್ (ಸೊನ್ನೆ ಅಥವಾ ಒಂದರ ಗುರುತು) ಕೊಟ್ಟು. ಅದನ್ನು ಪರಿವರ್ತಿಸದೆ ಓದಿದರೆ 59ನೇ ಸೆಕೆಂಡು 89 ಆಗುತ್ತದೆ. ತಿಂಗಳನ್ನು ಚಿಪ್ 1ರಿಂದ 12ರವರೆಗೆ ಎಣಿಸಿದರೆ ಕರ್ನಲ್ 0ಯಿಂದ 11ರವರೆಗೆ ಎಣಿಸುತ್ತದೆ. ಒಂದು ಕಳೆಯಲು ಮರೆತರೆ ಗಣೇಶ ಚೌತಿ ಒಂದು ತಿಂಗಳು ಮುಂದೆ. ವರ್ಷಕ್ಕೆ ಚಿಪ್ಪಿನಲ್ಲಿ ಎರಡೇ ಅಂಕಿ, ಕರ್ನಲ್ಲಿನ ವರ್ಷದ ಎಣಿಕೆ 1900ರಿಂದ ಶುರು. ಆದ್ದರಿಂದ ಡ್ರೈವರ್ 100 ಸೇರಿಸಬೇಕು. ಗಂಟೆಯ ಖಾನೆಯಲ್ಲಿ ಒಂದು ಬಿಟ್ ಇದು 12 ಗಂಟೆಯ ಲೆಕ್ಕವೋ 24 ಗಂಟೆಯದೋ ಎಂದು ಹೇಳುತ್ತದೆ. ಮೊದಲು ಈ ಚಿಪ್ಪನ್ನು ಬಳಸಿದ್ದ ಇನ್ಯಾವುದೋ ತಂತ್ರಾಂಶ ಅದನ್ನು 12 ಗಂಟೆಗೆ ಇಟ್ಟಿದ್ದರೆ, ನೋಡದೆ ಓದಿದ ಡ್ರೈವರ್ ಸಂಜೆಯನ್ನು ಏನೆಂದು ತಿಳಿಯುವುದೋ ದೇವರೇ ಬಲ್ಲ.

ಇನ್ನೊಂದು ಸೂಕ್ಷ್ಮವಿದೆ. ಗಡಿಯಾರ ಓಡುತ್ತಿರುವಾಗಲೇ ಓದಬೇಕಲ್ಲ? 10:59:59 ಇರುವಾಗ ಗಂಟೆಯ ಖಾನೆ ಓದಿದಿರಿ, 10. ಅಷ್ಟರಲ್ಲಿ ಸೆಕೆಂಡು ಉರುಳಿತು. ಈಗ ನಿಮಿಷ ಓದಿದರೆ 00. ಎರಡೂ ಓದು ಸರಿ, ಕೂಡಿಸಿದರೆ ಬಂದ 10:00 ಮಾತ್ರ ಒಂದು ಗಂಟೆ ಹಿಂದೆ. ಡಿಎಸ್1307ರಲ್ಲಿ ಏಳೂ ಖಾನೆಯನ್ನು ಒಂದೇ ಉಸಿರಿಗೆ ಓದಿದರೆ ಈ ತೊಂದರೆ ಇಲ್ಲ, ಓದು ಶುರುವಾದ ಗಳಿಗೆಯ ನಕಲನ್ನು ಚಿಪ್ ಬೇರೆಯೇ ತೆಗೆದಿಟ್ಟು ಕೊಡುತ್ತದೆ. ಹಳೆಯ ಪಿ.ಸಿ. ಚಿಪ್ಪಿನಲ್ಲಿ ಆ ಸೌಕರ್ಯವಿರಲಿಲ್ಲ. 1991ರ ಸೆಪ್ಟೆಂಬರಿನಲ್ಲಿ ಲೀನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಲಿನಕ್ಸ್ ಕರ್ನಲ್ಲಿನ ಮೊಟ್ಟಮೊದಲ ಆವೃತ್ತಿ 0.01ರಲ್ಲೇ ಇದಕ್ಕೊಂದು ಉಪಾಯ ಕಾಣಸಿಗುತ್ತದೆ: ಮೊದಲು ಸೆಕೆಂಡು ಓದು, ಆಮೇಲೆ ಉಳಿದದ್ದೆಲ್ಲ ಓದು, ಕೊನೆಗೆ ಸೆಕೆಂಡು ಮತ್ತೆ ಓದು, ಬದಲಾಗಿದ್ದರೆ ಎಲ್ಲ ಬಿಟ್ಟು ಮೊದಲಿನಿಂದ ಓದು. ಕೆಲವೇ ಸಾಲು, ಅಷ್ಟರಲ್ಲಿ ಚಿಪ್ಪಿನ ಮೇಲಿನ ಅನುಮಾನವೆಲ್ಲ ಅಡಗಿದೆ. ಆಗ ಅವರಿಗೆ 21 ವರ್ಷ.

ಆ ಕಾಲದ ಲಿನಕ್ಸ್ ಗಡಿಯಾರವೆಂದರೆ ಪಿ.ಸಿ.ಯದ್ದೇ ಎಂದು ತಿಳಿದಿತ್ತು. ಮೊಬೈಲು, ರೂಟರು, ಟಿಕೆಟ್ ಯಂತ್ರಗಳೆಂದು ಬಗೆಬಗೆಯ ಬೋರ್ಡುಗಳು ಬಂದಂತೆ ಒಬ್ಬೊಬ್ಬರೂ ತಮ್ಮ ಚಿಪ್ಪಿಗೆ ತಮ್ಮದೇ ರೀತಿಯಲ್ಲಿ ಡ್ರೈವರ್ ಬರೆದು ಗೊಂದಲವಾಯಿತು. ಇಟಲಿಯ ಅಲೆಸ್ಸಾಂಡ್ರೊ ಝುಮ್ಮೊ ಇದಕ್ಕೆಲ್ಲ ಒಂದೇ ಚೌಕಟ್ಟು ಕಟ್ಟಿದರು. 2006ರಲ್ಲಿ ಬಂದ 2.6.17 ಆವೃತ್ತಿಯಲ್ಲಿ ಅದು ಸೇರಿತು. ಆಮೇಲೆ ಹೊಸ ಚಿಪ್ಪಿನ ಡ್ರೈವರ್ ಬರೆಯುವವರು ಮುಖ್ಯವಾಗಿ ಎರಡು ಕೆಲಸ ಒಪ್ಪಿಸಿದರೆ ಸಾಕು, ಸಮಯ ಓದುವುದು ಮತ್ತು ಬರೆಯುವುದು. ಅಲಾರಂ ಇದ್ದರೆ ಇನ್ನೂ ಕೆಲವು. ಉಳಿದದ್ದನ್ನು ಚೌಕಟ್ಟೇ ನೋಡಿಕೊಳ್ಳುತ್ತದೆ.

ಎಲ್ಲ ಚಿಪ್ಪುಗಳೂ ಪಂಚಾಂಗ ಇಟ್ಟುಕೊಂಡಿರುವುದಿಲ್ಲ. ಬೆಂಗಳೂರಿನ ಸಿಂಪ್ಯೂಟರ್ ನೆನಪಿದೆಯೇ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ಕಟ್ಟಿದ, 2001ರಲ್ಲಿ ಜಗತ್ತೇ ತಿರುಗಿ ನೋಡಿದ ಅಂಗೈ ಕಂಪ್ಯೂಟರು. ಸ್ಟ್ರಾಂಗ್‌ಆರ್ಮ್ ಎಸ್ಎ-1110 ಎಂಬ ಪ್ರಾಸೆಸರಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಆ ಪ್ರಾಸೆಸರಿನೊಳಗೇ ಒಂದು ಆರ್‌ಟಿಸಿ ಇದೆ, ಆದರೆ ಅದಕ್ಕೆ ತಿಂಗಳು ವರ್ಷ ಒಂದೂ ತಿಳಿಯದು. ಸೆಕೆಂಡುಗಳನ್ನು ಎಣಿಸುತ್ತ ಹೋಗುವ 32 ಬಿಟ್ಟಿನ ಒಂದು ಖಾನೆ, ಅಷ್ಟೇ. ಪಂಚಾಂಗವೆಲ್ಲ ಕರ್ನಲ್ಲಿನ ತಲೆನೋವು. ನನಗೆ ಈ ಬಡ ಗಡಿಯಾರವೇ ಹೆಚ್ಚು ಇಷ್ಟ. ಕಡಿಮೆ ತಿಳಿದವನು ಕಡಿಮೆ ತಪ್ಪು ಹೇಳುತ್ತಾನೆ.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಕಾರ್ಖಾನೆಯಿಂದ ಬಂದ ಹೊಸ ಡಿಎಸ್1307ಕ್ಕೆ ಕರೆಂಟ್ ಕೊಟ್ಟರೆ ಅದು ಓಡುವುದಿಲ್ಲ. ಸೆಕೆಂಡಿನ ಖಾನೆಯ ಮೇಲ್ತುದಿಯಲ್ಲಿ 'ನಿಂತಿದ್ದೇನೆ' ಎಂಬ ಒಂದು ಬಿಟ್ ಏರಿರುತ್ತದೆ. ಸಮಯ ಬರೆದು ಆ ಬಿಟ್ಟನ್ನು ಇಳಿಸಿದರೆ ಮಾತ್ರ ಓಟ ಶುರು. ಅದರ ಅಣ್ಣ ಡಿಎಸ್3231ರಲ್ಲಿ ಇನ್ನೂ ಒಳ್ಳೆಯ ಏರ್ಪಾಡಿದೆ: ಸ್ಫಟಿಕದ ಕಂಪನ ಯಾವಾಗಲಾದರೂ ನಿಂತಿದ್ದರೆ ಒಂದು ಬಿಟ್ ಏರುತ್ತದೆ, ಯಾರಾದರೂ ಇಳಿಸುವವರೆಗೆ ಹಾಗೆಯೇ ಇರುತ್ತದೆ. ಫಿಲಿಪ್ಸಿನ ಪಿಸಿಎಫ್8563ರಲ್ಲಿ ವೋಲ್ಟೇಜ್ ಕುಸಿದರೆ ಇಂಥದೇ ಬಿಟ್. ರಾತ್ರಿ ಪಾಳಿಯ ವಾಚ್‌ಮನ್ ಬೆಳಿಗ್ಗೆ ಬಂದು 'ಸಾಹೇಬ್ರೇ, ನಡುವೆ ಕಣ್ಣು ಮುಚ್ಚಿತ್ತು, ಎಷ್ಟು ಹೊತ್ತೋ ಗೊತ್ತಿಲ್ಲ' ಎಂದು ತಾನಾಗಿ ಒಪ್ಪಿಕೊಂಡಂತೆ. ಇಂಥ ವಾಚ್‌ಮನ್ ಸಿಕ್ಕರೆ ಬಿಡಬಾರದು.

ಅವನು ಒಪ್ಪಿಕೊಂಡ ಮೇಲೆ ಕರ್ನಲ್ ಏನು ಮಾಡಬೇಕು? ಲಿನಕ್ಸಿನಲ್ಲಿ ಇದರ ಉತ್ತರ ಕಾಲಕ್ರಮದಲ್ಲಿ ಗಟ್ಟಿಯಾಗುತ್ತ ಬಂದಿದೆ. ಪಿಸಿಎಫ್8563ರ ಹಳೆಯ ಡ್ರೈವರ್ 'ವೋಲ್ಟೇಜ್ ಕಡಿಮೆ, ತಾರೀಕು ನಂಬುವಂತಿಲ್ಲ' ಎಂದು ದಾಖಲೆಯಲ್ಲಿ ಒಂದು ಸಾಲು ಗೊಣಗಿ, ಆಮೇಲೆ ಅದೇ ನಂಬಲಾಗದ ತಾರೀಕನ್ನೇ ಕೊಟ್ಟುಬಿಡುತ್ತಿತ್ತು. ಆ ಸಾಲನ್ನು ಯಾರು ಓದುತ್ತಾರೆ? ಈಗಿನ ಡ್ರೈವರ್ ಕೊಡುವುದೇ ಇಲ್ಲ. ಸಮಯ ಕೇಳಿದವರಿಗೆ ದೋಷದ ಸಂಕೇತವನ್ನು ಹಿಂದಿರುಗಿಸುತ್ತದೆ. ಡಿಎಸ್1307 ಕುಟುಂಬದ ಡ್ರೈವರ್ ಅಂತೂ ಇಂಥ ಹೊತ್ತಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ 'ಸೆಟ್ ಟೈಮ್!' ಎಂದು ಕೂಗುತ್ತಿತ್ತು, ಉದ್ಗಾರ ಚಿಹ್ನೆ ಸಮೇತ.

ಹೊಸಬರಿಗೆ ಇದು ಹಟಮಾರಿತನ ಎನಿಸುತ್ತದೆ. ಸ್ವಲ್ಪ ಹಿಂದೆ ಮುಂದೆ ಇದ್ದರೇನು, ಯಾವುದೋ ಒಂದು ಸಮಯ ಕೊಡಬಾರದೇ? ಕೊಡಬಾರದು. 1970ರ ಜನವರಿ 1 ಎಂದು ಬಿಲ್ಲಿನಲ್ಲಿ ಬಂದರೆ ಗಲ್ಲಾದಲ್ಲಿ ಕೂತವರಿಗೂ ತಪ್ಪೆಂದು ಗೊತ್ತಾಗುತ್ತದೆ. ಮೂರು ಗಂಟೆ ಹಿಂದಿನ, ಇವತ್ತಿನದೇ ತಾರೀಕು ಬಂದರೆ? ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲುಗಳ ಕ್ರಮ ತಪ್ಪುತ್ತದೆ, ಬ್ಯಾಕಪ್ ಹೊಸ ಕಡತವನ್ನು ಹಳೆಯದೆಂದು ಬಿಡುತ್ತದೆ, ಮುಂದೊಂದು ದಿನ ಲೆಕ್ಕ ಪರಿಶೋಧಕರು ಬಂದು ಕೇಳಿದಾಗ ಉತ್ತರವಿರುವುದಿಲ್ಲ. ಗಡಿಯಾರದ ವಿಷಯದಲ್ಲಿ ಹಸಿ ಸುಳ್ಳಿಗಿಂತ ನಂಬುವಂಥ ಸುಳ್ಳೇ ಅಪಾಯ. ಡ್ರೈವರ್ ಬರೆಯುವವರು ಈ ಒಂದು ಬಿಟ್ಟನ್ನು ನೋಡಿದ್ದಾರೋ ಇಲ್ಲವೋ ಎಂಬುದೇ ಅವರ ಕೆಲಸದ ಮಟ್ಟವನ್ನು ಹೇಳಿಬಿಡುತ್ತದೆ.

ಅಂದಹಾಗೆ 1970 ಎಲ್ಲಿಂದ ಬಂತು ಎಂದರೆ, ಯೂನಿಕ್ಸ್ ವಂಶದ ವ್ಯವಸ್ಥೆಗಳ ಸೊನ್ನೆ ಅದು. ಗ್ರೀನಿಚ್ಚಿನ ನಡುರಾತ್ರಿಯಾದ್ದರಿಂದ ನಮ್ಮಲ್ಲಿ ಸೊನ್ನೆ ಎಂದರೆ ಬೆಳಗಿನ ಐದೂವರೆ. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಬೋರ್ಡಿನಲ್ಲಿ 2023ರ ಐದನೆಯ ಮಾದರಿಯವರೆಗೆ ಆರ್‌ಟಿಸಿಯೇ ಇರಲಿಲ್ಲ. ಕೊನೆಯ ಸಲ ಆರಿಸಿದ ಹೊತ್ತನ್ನು ಕಡತದಲ್ಲಿ ಬರೆದಿಟ್ಟು, ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಯುವ ಉಪಾಯ ಮಾಡುತ್ತಿತ್ತು. ಹೀಗಾಗಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಚಿಕ್ಕ ಕಾರ್ಖಾನೆಯ ದಾಖಲೆ ಯಂತ್ರಕ್ಕೋ ಶಾಲೆಯ ಗಂಟೆಗೋ ಪೈ ಹಾಕುವವರು ಡಿಎಸ್3231 ಇರುವ ನೀಲಿ ಬಣ್ಣದ ಪುಟ್ಟ ಮಾಡ್ಯೂಲನ್ನು ತಂದು ಸಿಕ್ಕಿಸುತ್ತಾರೆ. ಡ್ರೈವರ್ ಕರ್ನಲ್ಲಿನಲ್ಲಿ ಮೊದಲೇ ಇದೆ. ಇಂಥ ವಿಳಾಸದಲ್ಲಿ ಇಂಥ ಚಿಪ್ ಇದೆ ಎಂದು ವ್ಯವಸ್ಥೆಗೆ ಒಂದು ಸಾಲಿನಲ್ಲಿ ತಿಳಿಸಿದರೆ ಮುಗಿಯಿತು. ಆ ಮಾಡ್ಯೂಲನ್ನು ಕೊಳ್ಳುವವರಿಗೆ ಒಂದು ಕಿವಿಮಾತು. ಅದರ ಮೇಲೆ ಸೆಲ್ಲನ್ನು ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಆಗದ ಸಿಆರ್2032 ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬೀತು. ಒಂದೋ ಚಾರ್ಜ್ ಆಗುವ ಎಲ್ಐಆರ್2032 ಹಾಕಿ, ಇಲ್ಲವೇ ಆ ಸರ್ಕ್ಯೂಟಿನ ಡಯೋಡನ್ನು ಕಿತ್ತುಹಾಕಿ.

ಇನ್ನು ಸೆಖೆ. ಈ ಬಗೆಯ ಸ್ಫಟಿಕ 25 ಡಿಗ್ರಿಯಲ್ಲಿ ಸರಿಯಾಗಿ ಓಡುತ್ತದೆ, ಅದರಿಂದ ಆಚೆ ಈಚೆ ಹೋದರೆ ಎರಡೂ ಕಡೆ ನಿಧಾನವಾಗುತ್ತದೆ. ಅದೂ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ: ಪ್ರತಿ ಡಿಗ್ರಿ ವರ್ಗಕ್ಕೆ ಹತ್ತು ಲಕ್ಷದಲ್ಲಿ ಸುಮಾರು 0.034 ಪಾಲು. ಠಾಣೆಯ ಏಪ್ರಿಲ್ ಬಿಸಿಲಿಗೆ ರಸ್ತೆ ಬದಿಯ ತಗಡಿನ ಪೆಟ್ಟಿಗೆಯೊಳಗೆ 55 ಡಿಗ್ರಿ ಆಯಿತೆನ್ನಿ. 30ರ ವರ್ಗ 900, ಗುಣಿಸಿದರೆ ಹತ್ತು ಲಕ್ಷದಲ್ಲಿ 30 ಪಾಲು, ದಿನಕ್ಕೆ ಎರಡೂವರೆ ಸೆಕೆಂಡಿಗೂ ಹೆಚ್ಚು ಹಿಂದೆ. ತಿಂಗಳಿಗೆ ಒಂದು ನಿಮಿಷ ದಾಟುತ್ತದೆ. ಡಿಎಸ್3231 ತನ್ನ ತಾಪವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯವರೆಗೆ ಅದರ ತಪ್ಪು ಹತ್ತು ಲಕ್ಷದಲ್ಲಿ ಎರಡೇ ಪಾಲು ಎಂದು ತಯಾರಕರ ಮಾತು, ಅಸಲಿ ಚಿಪ್ ಆಗಿದ್ದರೆ. ನಕಲಿಗಳಿಗೆ ಪೇಟೆಯಲ್ಲಿ ಬರವಿಲ್ಲ.

ಚಿಪ್ ಸರಿಯಾಗಿ ಓಡಿ, ಡ್ರೈವರ್ ಸರಿಯಾಗಿ ಓದಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಅದರೊಳಗಿನ ಹತ್ತು ಗಂಟೆ ಯಾವ ಊರಿನ ಹತ್ತು ಗಂಟೆ? ಚಿಪ್ಪಿನ ಏಳು ಖಾನೆಗಳಲ್ಲಿ ಇದನ್ನು ಬರೆಯಲು ಜಾಗವೇ ಇಲ್ಲ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ಗ್ರೀನಿಚ್ ಲೆಕ್ಕದ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ. ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿಕೊಂಡವರಿಗೆ ಅತ್ತಿಂದಿತ್ತ ಹೋದಾಗಲೆಲ್ಲ ಐದೂವರೆ ಗಂಟೆ ಏರುಪೇರು. ಯಾವ ಗಡಿಯಾರವೂ ಕೆಟ್ಟಿಲ್ಲ, ಒಪ್ಪಂದ ಮಾತ್ರ ಆಗಿಲ್ಲ.

ಮುಂಬಯಿ, ಠಾಣೆ, ಕಲ್ಯಾಣಗಳಿಗೆ ಆ ಜಗಳ ಹೊಸದಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆಮೇಲೆ ದೇಶದ ರೈಲುಗಳೆಲ್ಲ ಮದ್ರಾಸ್ ಸಮಯಕ್ಕೆ ಹೊಂದಿಕೊಂಡವು. ಮುಂಬಯಿಗೆ ತನ್ನದೇ ಸೂರ್ಯನ ಲೆಕ್ಕವಿತ್ತು, ಗ್ರೀನಿಚ್ಚಿಗಿಂತ 4 ಗಂಟೆ 51 ನಿಮಿಷ ಮುಂದೆ. ಮದ್ರಾಸ್ ಸಮಯ ಅದಕ್ಕಿಂತ ಅರ್ಧ ಗಂಟೆ ಮುಂದಿತ್ತು. ಊರಿನ ಗಡಿಯಾರ ನಂಬಿ ಸ್ಟೇಷನ್ನಿಗೆ ಬಂದವರಿಗೆ ರೈಲು ಹೋಗಿ ಅರ್ಧ ಗಂಟೆ ಆಗಿರುತ್ತಿತ್ತು. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಮುಂಬಯಿಗೂ ಮದ್ರಾಸ್ ಸಮಯವನ್ನೇ ಹೇರಹೊರಟರು. ನಗರ ಒಪ್ಪಲಿಲ್ಲ, ಆದೇಶ ಹಿಂದಕ್ಕೆ ಹೋಯಿತು. 1906ರ ಜನವರಿ 1ರಂದು ಐದೂವರೆ ಗಂಟೆಯ ಭಾರತೀಯ ಸಮಯ ಬಂದಾಗಲೂ ನಗರದ ಒಂದು ಪಾಲು ತನ್ನ ಹಳೆಯ ಸಮಯವನ್ನು ಬಿಡಲಿಲ್ಲ, ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಅದು ಉಳಿದಿತ್ತು. ಇದರ ಮೇಲೆ ಎರಡನೇ ಮಹಾಯುದ್ಧದ ಕಾಲದಲ್ಲಿ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟಿದ್ದರು. ಆ ಕಾಲದಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹಿರಿಯರ ಜಾತಕ ಬರೆಯುವ ಜೋಯಿಸರು 'ಯಾವ ಟೈಮಿನ ಲೆಕ್ಕ?' ಎಂದು ಮೊದಲು ಕೇಳುತ್ತಿದ್ದುದು ಸುಮ್ಮನಲ್ಲ. ಕಂಪ್ಯೂಟರುಗಳು ಬಳಸುವ ಕಾಲವಲಯಗಳ ಪಟ್ಟಿಯಲ್ಲಿ ಭಾರತಕ್ಕೆಲ್ಲ ಕೋಲ್ಕತಾ ಹೆಸರಿನ ಒಂದೇ ನಮೂದು. ಯುದ್ಧಕಾಲದ ಆ ಒಂದು ಗಂಟೆ ಅದರಲ್ಲಿದೆ, ಮುಂಬಯಿ ಸಮಯಕ್ಕೆ ಬೇರೆ ವಲಯವಿಲ್ಲ. ಕರ್ನಲ್ ಈ ರಗಳೆಯಿಂದೆಲ್ಲ ದೂರ. ಅದರ ಪಾಲಿಗೆ ಇರುವುದು ಜಾಗತಿಕ ಸೆಕೆಂಡುಗಳ ಎಣಿಕೆ ಮಾತ್ರ, ಊರಿನ ಸಮಯ ಮೇಲಿನವರ ಕೆಲಸ. ಇದು ಸರಿಯಾದ ಹಂಚಿಕೆ.

ನವಿ ಮುಂಬಯಿಯ ಐರೋಲಿ, ರಬಾಳೆ, ಮಹಾಪೆಗಳ ಉದ್ದಕ್ಕೂ ಈಗ ಎದ್ದಿರುವ ಡೇಟಾ ಸೆಂಟರುಗಳಲ್ಲಿ ಸಾವಿರಾರು ಸರ್ವರುಗಳಿವೆ. ಅವು ನೆಟ್‌ವರ್ಕ್ ಮೂಲಕ ಸಮಯ ಪಡೆಯುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಅವು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್ಐಸಿ) ಅಥವಾ ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಸಮಯಕ್ಕೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಮೂಲಕ್ಕೆ ಹೊಂದಿಕೊಂಡಿರಬೇಕು. ಪ್ರಯೋಗಾಲಯದಲ್ಲಿ ಸೀಸಿಯಂ ಪರಮಾಣು ಗಡಿಯಾರಗಳಿವೆ. ಆ ಸಮಯವನ್ನು ದೇಶಕ್ಕೆ ಹಂಚಲು ಆರಿಸಿದ ಐದು ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಬೆಂಗಳೂರಿನದೂ ಒಂದು.

ಇಷ್ಟೆಲ್ಲ ಇರುವಾಗ ಸೆಲ್ಲಿನ ಗಡಿಯಾರ ಯಾಕೆ ಬೇಕು? ಯಂತ್ರ ಏಳುವ ಮೊದಲ ಕೆಲವು ಸೆಕೆಂಡುಗಳಿಗಾಗಿ. 1970ರಲ್ಲಿ ಎದ್ದ ಯಂತ್ರಕ್ಕೆ ಇವತ್ತಿನ ಭದ್ರತಾ ಪ್ರಮಾಣಪತ್ರಗಳೆಲ್ಲ ಇನ್ನೂ ಜಾರಿಗೇ ಬರದವುಗಳಾಗಿ ಕಾಣುತ್ತವೆ. ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್ ವ್ಯವಸ್ಥೆಯ ಸಹಿಗಳಿಗೂ ಅವಧಿಯಿದೆ. ಅವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ಯಂತ್ರ ಸಹಿ ಸಲ್ಲದೆಂದು ತಳ್ಳುತ್ತದೆ, ಸಮಯ ಕೊಡುವ ಸರ್ವರಿನ ವಿಳಾಸವೇ ಸಿಗುವುದಿಲ್ಲ. ಸಮಯ ತಿಳಿಯಲು ಸಮಯ ಬೇಕು. ಈ ಗಂಟನ್ನು ಬಿಡಿಸುವುದು ಅಂದಾಜಿಗೆ ಸರಿಯಿರುವ ಆರ್‌ಟಿಸಿ. ಅದಕ್ಕೆ ಪ್ರತಿಯಾಗಿ, ನೆಟ್‌ವರ್ಕಿನ ಸಮಯಕ್ಕೆ ಹೊಂದಿಕೊಂಡ ಲಿನಕ್ಸ್ ಕರ್ನಲ್ 11 ನಿಮಿಷಕ್ಕೊಮ್ಮೆ ತನ್ನ ಸಮಯವನ್ನು ಚಿಪ್ಪಿಗೆ ಬರೆಯುತ್ತದೆ.

ಡ್ರೈವರ್ ಒಪ್ಪಿಸುವಾಗ ಪರಿಶೀಲಕರು ಈಗ ಇನ್ನೊಂದನ್ನೂ ಕೇಳುತ್ತಾರೆ: ನಿಮ್ಮ ಚಿಪ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಸರಿ? ಮೊದಲು ಹಾಗೆ ಕೇಳುತ್ತಿರಲಿಲ್ಲ. 2038ರ ಜನವರಿ 19ರಂದು, ನಮ್ಮ ಬೆಳಿಗ್ಗೆ 8:44ಕ್ಕೆ, ಹಳೆಯ 32 ಬಿಟ್ಟಿನ ಸೆಕೆಂಡು ಎಣಿಕೆ ತುಂಬಿ ಹೋಗುತ್ತದೆ. ಕರ್ನಲ್ ತನ್ನ ಎಣಿಕೆಯನ್ನು 64 ಬಿಟ್ಟಿಗೆ ಹಿಗ್ಗಿಸಿಕೊಳ್ಳುವಾಗ ಚಿಪ್ಪುಗಳ ಮಿತಿಯನ್ನೂ ಬರೆಸಿಕೊಳ್ಳಬೇಕಾಯಿತು. ಎರಡಂಕಿ ವರ್ಷದ ಚಿಪ್ಪುಗಳಿಗೆ ಅಧಿಕ ವರ್ಷದ ಸೂತ್ರ ಒಂದೇ, ನಾಲ್ಕರಿಂದ ಭಾಗಿಸು. 2000ದಲ್ಲಿ ಅದು ಅದೃಷ್ಟಕ್ಕೆ ಸರಿಹೋಯಿತು. 2100ರಲ್ಲಿ ಫೆಬ್ರುವರಿ 29 ಇಲ್ಲ, ಈ ಚಿಪ್ಪುಗಳ ಲೆಕ್ಕದಲ್ಲಿ ಇದೆ. ಹಾಗಾಗಿ ಇಂಥ ಚಿಪ್ಪುಗಳ ಡ್ರೈವರಿನಲ್ಲಿ ಕೊನೆಯ ತಾರೀಕು 2099ರ ಡಿಸೆಂಬರ್ 31 ಎಂದು ಬರೆದಿಡುತ್ತಾರೆ. ಅದರಾಚೆಯ ಸಮಯವನ್ನು ಚಿಪ್ಪಿಗೆ ಬರೆಯಲು ಹೊರಟರೆ ಕರ್ನಲ್ ಆಗುವುದಿಲ್ಲ ಎನ್ನುತ್ತದೆ.